ಎಕ್ಸ್‌ಚೇಂಜ್ ಅಕ್ಕನ ಸಹಿ

ಕಳೆದ ತಿಂಗಳು ಅವರು ತೀರಿಕೊಂಡರೆಂದು ಭದ್ರಾವತಿಯಿಂದ ಫೋನ್ ಬಂದಾಗ ನನಗೆ ಅಳು ಬರಲಿಲ್ಲ. ಎಪ್ಪತ್ತೇಳು ವರ್ಷ ವಯಸ್ಸು, ಎರಡು ವರ್ಷದಿಂದ ಕಿಡ್ನಿಯ ತೊಂದರೆ. ಇಂದೋ ನಾಳೆಯೋ ಬರುವ ಸುದ್ದಿ ಎಂದು ಗೊತ್ತಿತ್ತು. ಅವರ ವಿಷಯದಲ್ಲಿ ನಾನು ಪಡಬೇಕಾಗಿದ್ದ ಆಘಾತ ಮೂರು ವರ್ಷದ ಹಿಂದೆಯೇ, ಸಮುದ್ರಕ್ಕೆ ಹತ್ತಿರದ ಒಂದು ಹೊಳೆಯ ಮೇಲೆ, ಸೂರ್ಯ ಮುಳುಗುವ ಹೊತ್ತಿನಲ್ಲಿ ಆಗಿಹೋಗಿತ್ತು. ಅಷ್ಟರಲ್ಲಿ ನಮ್ಮ ಒಡನಾಟಕ್ಕೆ ಇಪ್ಪತ್ತೆಂಟು ವರ್ಷ ತುಂಬಿತ್ತು. ಅವರನ್ನು ಚೆನ್ನಾಗಿ ಬಲ್ಲೆ ಅಂದುಕೊಂಡಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲೂ ಬರೆಯಬೇಡ ಎಂದು ಅವರೇ ಹೇಳಿದ್ದರು. ನಾವು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹೇಗೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೂಲಿಯವನಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರಿಗೂ ಅವರು ಎಕ್ಸ್‌ಚೇಂಜ್ ಅಕ್ಕ.

ಭದ್ರಾವತಿಯ ಆ ಕಾರ್ಖಾನೆಯಲ್ಲಿ ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿಗೆ ನಾನು ಗುಮಾಸ್ತೆಯಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು, ಅವರಿಗೆ ನಲವತ್ತಾರು. ನಮ್ಮ ಪಕ್ಕದ ಕೋಣೆಯೇ ಟೆಲಿಫೋನ್ ಎಕ್ಸ್‌ಚೇಂಜ್. ಗೋಡೆಯಷ್ಟು ಅಗಲದ ಬೋರ್ಡು, ಅದರ ತುಂಬ ತೂತುಗಳು, ಕೆಳಗೆ ಸಾಲಾಗಿ ವೈರುಗಳು. ಅವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು ಒಂದು ವೈರನ್ನು ಎಳೆದು ಒಂದು ತೂತಿಗೆ ಚುಚ್ಚಿದರೆ, ಫರ್ನೇಸಿನವನಿಗೆ ಸ್ಟೋರಿನವನು ಸಿಗುತ್ತಿದ್ದ. ಮೊದಲ ದಿನ ನಾನು ಫೋನೆತ್ತಿ "ರಾಜು ಅವರಿಗೆ ಕೊಡಿ" ಅಂದೆ. "ನಮ್ಮಲ್ಲಿ ಹದಿನಾಲ್ಕು ಜನ ರಾಜು ಇದಾರೆ. ಯಾವ ರಾಜು, ಯಾವ ಸೆಕ್ಷನ್ನು ಅಂತ ತಿಳ್ಕೊಂಡು ಮಾಡಮ್ಮ" ಎಂದು ಲೈನ್ ಕಟ್ ಮಾಡಿದರು. ನಾನು ಮುಖ ಕೆಂಪಗೆ ಮಾಡಿಕೊಂಡು ಕೂತೆ. ಮಧ್ಯಾಹ್ನ ಅವರೇ ನನ್ನ ಮೇಜಿಗೆ ಬಂದು, ಡಬ್ಬಿ ಬಿಚ್ಚಿ, ಕೇಳದೆಯೇ ಅರ್ಧ ಚಿತ್ರಾನ್ನವನ್ನು ನನ್ನ ಮುಚ್ಚಳಕ್ಕೆ ಹಾಕಿದರು. ಬೆಳಗಿನ ಮಾತಿನ ಪ್ರಸ್ತಾಪವನ್ನೇ ಎತ್ತಲಿಲ್ಲ.

ಅವರಿಗೆ ನಾಲ್ಕು ಭಾಷೆ ಬರುತ್ತಿತ್ತು. ಕ್ವಾರ್ಟರ್ಸಿನ ಅಕ್ಕಪಕ್ಕದವರಿಂದ ತಮಿಳು, ತೆಲುಗು ಕಲಿತಿದ್ದರು. ಶಿವಮೊಗ್ಗದ ಗಾಂಧಿ ಬಜಾರಿಗೆ ನನ್ನ ಜೊತೆ ಸೀರೆ ತರಲು ಬಂದರೆ ಅಂಗಡಿಯವರ ಹತ್ತಿರ ಉರ್ದುವಿನಲ್ಲಿ ಚೌಕಾಸಿ. ಕನ್ನಡವಂತೂ ಅಚ್ಚ ಭದ್ರಾವತಿಯದು. ಹುಟ್ಟೂರು ಯಾವುದು ಎಂದು ಕೇಳಿದರೆ "ಇದೇ, ಇನ್ಯಾವುದು" ಅನ್ನುತ್ತಿದ್ದರು. ಸೋದರಮಾವ ಇದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ಅವರ ಮನೆಯಲ್ಲಿ ತಾಯಿಯ ಜೊತೆ ಬೆಳೆದವರು, ಮದುವೆಯಾಗಲಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟೇ. ಒಮ್ಮೆ ಕ್ಯಾಂಟೀನಿನಲ್ಲಿ ಕ್ರೇನ್ ಆಪರೇಟರನ ಹೆಂಡತಿ, ಬಾಯಿಗೆ ಬಂದದ್ದನ್ನು ತಡೆಯದ ಹೆಂಗಸು, ಅಕ್ಕ ನೀವ್ಯಾಕೆ ಮದುವೆ ಆಗಲಿಲ್ಲ ಎಂದು ಕೇಳಿಯೇಬಿಟ್ಟಳು. ಅವರು ಬಜ್ಜಿ ಮುರಿಯುತ್ತ, "ಆಗಿತ್ತು, ಒಂದು ದಿನ" ಅಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರೂ ನಕ್ಕರು.

ಅವರನ್ನು ನಾವು ತಲೆಯ ಮೇಲೆ ಹೊತ್ತುಕೊಳ್ಳುವಂತೆ ಮಾಡಿದ್ದು ಒಂದು ಘಟನೆ. ಒಂದು ಮಧ್ಯಾಹ್ನ ಒಂದು ಸೆಕ್ಷನ್ನಿನಲ್ಲಿ ಸಣ್ಣ ಅವಘಡವಾಗಿ ಇಬ್ಬರಿಗೆ ಸುಟ್ಟ ಗಾಯಗಳಾದವು. ಅರ್ಧ ಗಂಟೆಯಲ್ಲಿ ಕಾರ್ಖಾನೆಯವರ ಮನೆಗಳಿದ್ದ ನ್ಯೂ ಟೌನಿಗೆಲ್ಲ ಸುದ್ದಿ ಹಬ್ಬಿ, ಇಬ್ಬರು ಇಪ್ಪತ್ತು ಜನರಾಗಿ, ಗಾಯ ಸಾವಾಗಿ, ಹೆಂಗಸರು ಮಕ್ಕಳು ಗೇಟಿನ ಹತ್ತಿರ ಸೇರಿ ಗೋಳಾಡತೊಡಗಿದರು. ಫೋನ್ ಮೇಲೆ ಫೋನ್. ಒಬ್ಬ ಅಧಿಕಾರಿ ಎಕ್ಸ್‌ಚೇಂಜಿಗೆ ಬಂದು, ಯಾರು ಕೇಳಿದರೂ ಏನೂ ಆಗಿಲ್ಲ ಎಂದು ಹೇಳಿಬಿಡಿ ಅಂದರು. ಇವರು ತಲೆಯಾಡಿಸಿ, ಅವರು ಬಾಗಿಲು ದಾಟುವುದನ್ನೇ ಕಾದು, ಫೋನ್ ಮಾಡಿದ ಪ್ರತಿಯೊಬ್ಬರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಾಯವಾದ ಇಬ್ಬರ ಹೆಸರು, ತಂದೆಯ ಹೆಸರು, ಯಾವ ವಾರ್ಡಿನಲ್ಲಿ ಮಲಗಿದ್ದಾರೆ, ಮಾತಾಡುತ್ತಿದ್ದಾರೋ ಇಲ್ಲವೋ, ಎಲ್ಲ. ಒಂದು ಗಂಟೆಯಲ್ಲಿ ಗೇಟು ಖಾಲಿಯಾಯಿತು. ಮರುದಿನ ಅವರಿಗೆ ಮೆಮೊ ಬಂತು. ಅದಕ್ಕೆ ಅವರು ಕೊಟ್ಟ ಉತ್ತರ ಒಂದೇ ಸಾಲು: "ಕೇಳಿದವರಿಗೆ ನಡೆದದ್ದನ್ನು ಹೇಳಿದ್ದೇನೆ." ಆ ಕಾಗದವನ್ನು ಟೈಪು ಮಾಡಿದವಳು ನಾನು. ಈ ವೈರಿನಲ್ಲಿ ನನ್ನ ಬಾಯಿಂದ ಸುಳ್ಳು ಹೋಗೋದಿಲ್ಲ ಮಾರಾಯ್ತಿ ಎಂದು ಅವತ್ತು ನನಗೆ ಹೇಳಿದ್ದರು. ಮಕ್ಕಳಿಗೆ ನಾನು ಸತ್ಯ ಹೇಳುವುದು ಕಲಿಸುವಾಗ ಕೊಡುತ್ತಿದ್ದ ಉದಾಹರಣೆ ಎಕ್ಸ್‌ಚೇಂಜ್ ಅಕ್ಕನದೇ.

ಆಮೇಲೆ ಬೋರ್ಡು ಹೋಗಿ ತಾನಾಗಿಯೇ ಕೆಲಸ ಮಾಡುವ ಮಷಿನ್ ಬಂತು. ಅವರನ್ನು ನಮ್ಮ ಆಫೀಸಿಗೇ ಹಾಕಿದರು. ಐವತ್ತೆಂಟಕ್ಕೆ ರಿಟೈರಾಗಿ ನ್ಯೂ ಟೌನಿನಲ್ಲೇ ಒಂದು ಸಣ್ಣ ಬಾಡಿಗೆ ಮನೆ ಮಾಡಿಕೊಂಡರು. ನಾನು ಕೆಲವು ವರ್ಷದ ನಂತರ ಕೆಲಸ ಬಿಟ್ಟು ಗಂಡನ ಜೊತೆ ಶಿವಮೊಗ್ಗಕ್ಕೆ ಬಂದೆ. ಆದರೂ ಹದಿನೈದು ದಿನಕ್ಕೊಮ್ಮೆಯಾದರೂ ಅವರನ್ನು ನೋಡದೆ ಇದ್ದದ್ದಿಲ್ಲ.

ಮೂರು ವರ್ಷದ ಹಿಂದೆ ನಮ್ಮ ವಿನೋಬನಗರದ ಎಂಟು ಜನ ಹೆಂಗಸರು ಸೇರಿ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಕರಾವಳಿಗೆ ಎರಡು ದಿನದ ಪ್ರವಾಸ ಹೊರಟೆವು. ಒಬ್ಬರು ಕೊನೆಗಳಿಗೆಯಲ್ಲಿ ತಪ್ಪಿಸಿಕೊಂಡರು. ಆ ಸೀಟಿಗೆ ಅಕ್ಕನನ್ನು ಕರೆಯೋಣ ಎಂದು ಫೋನ್ ಮಾಡಿದೆ. ಸಂಜೆ ಹೊತ್ತು ಬೋಟಿನಲ್ಲಿ ಕೂರಿಸಿ ಹೊಳೆಯುದ್ದಕ್ಕೂ ಕರೆದೊಯ್ದು, ಮೈಕಿನಲ್ಲಿ ಊರಿನ ಕಥೆ ಹೇಳಿ, ಸೂರ್ಯಾಸ್ತ ತೋರಿಸಿ ವಾಪಸ್ಸು ತರುತ್ತಾರಂತೆ ಎಂದು ಹೇಳಿದೆ. ಅವರು ಊರಿನ ಹೆಸರು ಕೇಳಿದರು. ಹೇಳಿದೆ.

"ಬೋಟು ಅಳಿವೆ ಹತ್ತಿರದವರೆಗೂ ಹೋಗುತ್ತಾ?" ಎಂದು ಕೇಳಿದರು.

ಅಳಿವೆ ಅಂದರೇನು ಎಂದು ನನಗೆ ಗೊತ್ತಿರಲಿಲ್ಲ. ಹೊಳೆ ಸಮುದ್ರಕ್ಕೆ ಸೇರೋ ಬಾಯಿ ಎಂದು ವಿವರಿಸಿದರು. ಹೋಗುತ್ತದಂತೆ ಅಂದೆ. "ಸರಿ, ಬರ್ತೀನಿ" ಅಂದರು. ಈ ಮಾತು ಇವರಿಗೆ ಹೇಗೆ ಗೊತ್ತು ಎಂದು ನಾನು ಯೋಚಿಸಲೇ ಇಲ್ಲ.

ಘಾಟಿ ಇಳಿದು, ಲಾಡ್ಜಿನಲ್ಲಿ ಸಾಮಾನು ಹಾಕಿ, ಐದು ಗಂಟೆಗೆ ಬೋಟು ಹತ್ತಿದೆವು. ಎರಡು ಅಂತಸ್ತಿನ ಬೋಟು. ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ನಲವತ್ತು ಐವತ್ತು ಜನ ಇದ್ದರು. ಹಿಂದುಗಡೆ ಎಂಜಿನ್ನಿನ ಹತ್ತಿರ ಅರವತ್ತು ದಾಟಿದ ಒಬ್ಬಾತ, ಖಾಕಿ ಚಡ್ಡಿ, ಬನಿಯನ್ನು, ಯಾರ ಮುಖವನ್ನೂ ನೋಡದೆ ಬೋಟು ನಡೆಸುತ್ತಿದ್ದ. ಮುಂದುಗಡೆ ಮೈಕು ಹಿಡಿದ ಗೈಡು, ಮೂವತ್ತರ ಆಸುಪಾಸಿನ ಚುರುಕು ಮನುಷ್ಯ. ನೀರಿನಲ್ಲೇ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳನ್ನು ತೋರಿಸಿದ, ಚಿಪ್ಪು ಹೆಕ್ಕುವ ಹೆಂಗಸರನ್ನು ತೋರಿಸಿದ, ಮಿಂಚುಳ್ಳಿ ಕೂತ ಗೂಟವನ್ನು ತೋರಿಸಿದ. ನಡುವೆ ಯಾರಿಗಾದರೂ ಹಾಡು ಬಂದರೆ ಹಾಡಿ ಎಂದು ಮೈಕು ಕೊಟ್ಟ. ನಮ್ಮ ಗುಂಪಿನ ಒಬ್ಬರು ಹಾಡಿದರು. ಅಕ್ಕ ನನ್ನ ಪಕ್ಕದಲ್ಲಿ ಸುಮ್ಮನೆ ಕೂತು ದಡವನ್ನೇ ನೋಡುತ್ತಿದ್ದರು. ಟೀ ಬಂದಾಗ ಬೇಡ ಅಂದರು.

ಸೇತುವೆಯ ಕೆಳಗೆ ಹಾದು ಬೋಟು ಅಗಲವಾದ ನೀರಿಗೆ ಬಂತು. ದೂರದಲ್ಲಿ ಸಮುದ್ರದ ನೊರೆಯ ಬಿಳಿ ಗೆರೆ. ಸೂರ್ಯ ನೀರಿಗೆ ಒಂದು ಮಾರು ಮೇಲಿದ್ದ. ಗೈಡು ಹಾಡು ನಿಲ್ಲಿಸಿ, ದನಿ ತಗ್ಗಿಸಿ ಕಥೆ ಶುರುಮಾಡಿದ. ಐವತ್ತು ವರ್ಷಕ್ಕೂ ಹಿಂದೆ ಇಲ್ಲಿ ಸೇತುವೆ ಇರಲಿಲ್ಲ, ದೋಣಿಯೇ ಗತಿ. ಒಂದು ಸಂಜೆ ಆ ದಡದಿಂದ ಈ ದಡಕ್ಕೆ ಒಂದು ಮದುವೆಯ ದಿಬ್ಬಣ ಹೊರಟಿತು. ದೋಣಿ ನಡೆಸುತ್ತಿದ್ದವನು ಕಂಠಪೂರ್ತಿ ಕುಡಿದಿದ್ದ. ಇದೇ ಜಾಗದಲ್ಲಿ ದೋಣಿ ಮಗುಚಿತು. ಒಬ್ಬರೂ ಉಳಿಯಲಿಲ್ಲ. ಮದುಮಗಳ ಹೆಣ ಇವತ್ತಿಗೂ ಸಿಕ್ಕಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಇಲ್ಲಿ ಬಂದರೆ ಅವಳ ಬಳೆ ಸದ್ದು ಕೇಳಿಸುತ್ತದೆ, ಎಲ್ಲರೂ ಸುಮ್ಮನಿರಿ, ಕಿವಿಗೊಡಿ ಅಂದ. ಅವನ ಮೊಬೈಲಿನಿಂದ ಸ್ಪೀಕರಿನಲ್ಲಿ ಗಾಜಿನ ಬಳೆಗಳ ಸದ್ದು ಬಂತು. ಹುಡುಗಿಯರು ಕಿರುಚಿದರು, ಉಳಿದವರು ನಕ್ಕರು. ಒಬ್ಬರು ವೀಡಿಯೊ ಮಾಡುತ್ತಿದ್ದರು. ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಷ್ಟಾಗುತ್ತದೆ.

ಅಕ್ಕ ಎದ್ದರು. ಕುರ್ಚಿಗಳ ಬೆನ್ನು ಹಿಡಿದುಕೊಳ್ಳುತ್ತ ಮುಂದೆ ನಡೆದರು. ತಲೆ ಸುತ್ತುತ್ತಿರಬೇಕು ಎಂದು ನಾನೂ ಹಿಂದೆಯೇ ಎದ್ದೆ. ಅವರು ಗೈಡಿನ ಮುಂದೆ ಕೈ ಚಾಚಿದರು. ಹಾಡುತ್ತಾರೇನೋ ಅಂದುಕೊಂಡು ಅವನು ನಗುತ್ತ ಮೈಕು ಕೊಟ್ಟ.

"ಎಲ್ಲರೂ ಸಾಯ್ಲಿಲ್ಲ ಮಗಾ. ಸತ್ತವರು ಹನ್ನೊಂದು ಜನ. ಮದುಮಗಳು ಸಾಯ್ಲಿಲ್ಲ. ಆ ಮದುಮಗಳು ನಾನೇ."

ಇದೂ ಆಟದ ಒಂದು ಭಾಗ ಅಂದುಕೊಂಡು ಹಿಂದುಗಡೆ ಯಾರೋ ಚಪ್ಪಾಳೆ ತಟ್ಟಿದರು. ಅದಕ್ಕೆ ಇನ್ನೊಬ್ಬರ ಚಪ್ಪಾಳೆ ಸೇರಿತು, ಆಮೇಲೆ ಎರಡೂ ನಿಂತವು. ಗೈಡಿನ ಮುಖದಲ್ಲಿ ನಗು ಹಾಗೆಯೇ ಉಳಿದಿತ್ತು, ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅವರು ಮಾತಾಡುತ್ತಿದ್ದ ಕನ್ನಡ ನನಗೆ ಗೊತ್ತಿದ್ದ ಕನ್ನಡವಾಗಿರಲಿಲ್ಲ. ಎಳೆದು ಆಡುವ, ಕೊನೆಯನ್ನು ಮೊಟಕು ಮಾಡುವ ಆ ದಡದ ಕನ್ನಡ. ಇಪ್ಪತ್ತೆಂಟು ವರ್ಷ ಅದರ ಒಂದು ಅಕ್ಷರ ನನ್ನ ಕಿವಿಗೆ ಬಿದ್ದಿರಲಿಲ್ಲ.

ಅವರು ಹೇಳುತ್ತಾ ಹೋದರು. ತನಗೆ ಹತ್ತೊಂಬತ್ತು. ಆ ಬೆಳಿಗ್ಗೆ ಮದುವೆಯಾಗಿತ್ತು. ಆಚೆ ದಡದಲ್ಲಿ ಗಂಡನ ಮನೆ, ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ದಾಟಬೇಕಿತ್ತು. ದೋಣಿಯವರ ಹೆಸರು ಸೋಮಯ್ಯ. ಈಗ ಇಳಿತದ ಹೊತ್ತು, ನೀರು ಸಮುದ್ರದ ಕಡೆ ಜಗ್ಗುತ್ತಿದೆ, ಇಷ್ಟು ಜನ ಒಟ್ಟಿಗೆ ಬೇಡ, ಎರಡು ಸಲ ಹೋಗೋಣ, ಇಲ್ಲವೇ ನೀರು ತಿರುಗುವ ತನಕ ಕಾಯೋಣ ಎಂದು ಆತ ಮೂರು ಸಲ ಹೇಳಿದ. ಮಾವ, ಗಂಡನ ತಂದೆ, ಕೇಳಲಿಲ್ಲ. ಪಾತ್ರೆ, ಟ್ರಂಕು, ಜನ, ಎಲ್ಲ ಒಂದೇ ದೋಣಿಗೆ ತುಂಬಿದರು. ನಡುನೀರಿನಲ್ಲಿ ಒಂದು ತೆರೆ ಬಡಿದಾಗ ಹೆದರಿದ ಜನ ಎದ್ದು ಒಂದೇ ಬದಿಗೆ ಸರಿದರು. ಸೋಮಯ್ಯ ತನ್ನನ್ನು ಜಡೆ ಹಿಡಿದು ಎತ್ತಿ ಮಗುಚಿದ ದೋಣಿಯ ಬೆನ್ನ ಮೇಲೆ ಹಾಕಿದ. ಮಾವನನ್ನು ತಂದು ಹಾಕಿದ. ಮೂರನೆಯ ಸಲ ಹೋದವನು ಬರಲಿಲ್ಲ. ಆಮೇಲೆ ಅವರು ಹನ್ನೊಂದು ಜನರ ಹೆಸರನ್ನೂ ಒಂದೊಂದಾಗಿ ಹೇಳಿದರು. ಗಂಡನ ಹೆಸರು, ತಂದೆಯ ಹೆಸರು, ಇಬ್ಬರು ಮಕ್ಕಳ ಹೆಸರು, ಕೊನೆಗೆ ಸೋಮಯ್ಯನ ಹೆಸರು. ಎಕ್ಸ್‌ಚೇಂಜಿನಲ್ಲಿ ಕೂತು ಹೇಳುತ್ತಿದ್ದ ಅದೇ ಸ್ಪಷ್ಟ ದನಿ.

"ಅವರು ಕುಡಿದಿರಲಿಲ್ಲ" ಅಂದರು.

ಎಂಜಿನ್ ನಿಂತಿತು. ಬೋಟು ನೀರಿನ ಮೇಲೆ ಸುಮ್ಮನೆ ತೇಲತೊಡಗಿತು. ಹಿಂದಿನಿಂದ ಆ ಖಾಕಿ ಚಡ್ಡಿಯ ಮನುಷ್ಯ ಕುರ್ಚಿಗಳ ನಡುವೆ ನಡೆದು ಬಂದ. ಜನ ಕಾಲು ಮಡಚಿ ದಾರಿ ಬಿಟ್ಟರು. ಬಂದು ಅವರ ಮುಂದೆ ನಿಂತು, ಸೋಮಯ್ಯ ನನ್ನ ಅಪ್ಪ ಅಂದ. ಆಗ ತನಗೆ ಆರು ವರ್ಷ ಅಂದ. ಈ ಬೋಟಿನಲ್ಲಿ ದಿನಾ ಸಂಜೆ ಅಪ್ಪನನ್ನು ಕುಡುಕ ಎಂದು ಮೈಕಿನಲ್ಲಿ ಹೇಳುವುದನ್ನು ಕೇಳುತ್ತಲೇ ಆತ ಬೋಟು ನಡೆಸುತ್ತಿದ್ದ. ಮಾಲೀಕರು ಬರೆಸಿಕೊಟ್ಟ ಕಥೆ ಅದು. ಆ ಕಥೆಯ ದೋಣಿಯವನೇ ಈತನ ಅಪ್ಪ ಎಂದು ಗೈಡಿಗೂ ಗೊತ್ತಿರಲಿಲ್ಲ. ಆತ ಎರಡೂ ಕೈ ಎತ್ತಿ ಅಕ್ಕನಿಗೆ ಮುಗಿದ. ನಮ್ಮ ಗುಂಪಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಕ ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ನಿಲ್ಲಿಸಬಹುದಿತ್ತು, ಉಳಿದದ್ದು ಆ ಬೋಟಿನಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

"ನನಗೆ ಕೈ ಮುಗೀಬೇಡ. ನಿನ್ನಪ್ಪ ಕುಡಿದಿದ್ದ ಅಂತ ಪೊಲೀಸರಿಗೆ ಬರೆದುಕೊಟ್ಟವಳು ನಾನೇ."

ಆತನ ಕೈಗಳು ಜೋಡಿಸಿದಂತೆಯೇ ಇದ್ದವು. ನಿಧಾನವಾಗಿ ಬಿಟ್ಟ. ಅವರ ಮುಖವನ್ನು ಎಷ್ಟು ಹೊತ್ತು ನೋಡಿದನೋ, ನನಗೆ ಬಹಳ ಹೊತ್ತು ಅನ್ನಿಸಿತು. ತಿರುಗಿ ಹೋಗಿ ಎಂಜಿನ್ ಶುರು ಮಾಡಿದ. ಸೂರ್ಯ ಯಾವಾಗ ಮುಳುಗಿದನೋ ಬೋಟಿನಲ್ಲಿ ಯಾರೂ ನೋಡಲಿಲ್ಲ. ದಡಕ್ಕೆ ಬಂದ ಮೇಲೆ ಆತ ಹಲಗೆ ಹಾಕಿ ಪ್ರತಿಯೊಬ್ಬರಿಗೂ ಕೈ ಕೊಟ್ಟು ಇಳಿಸಿದ. ಅಕ್ಕನ ಸರದಿ ಬಂದಾಗ ಪಕ್ಕಕ್ಕೆ ಸರಿದು ಹಗ್ಗ ಬಿಗಿಯತೊಡಗಿದ. ಅವರನ್ನು ಇಳಿಸಿದ್ದು ಗೈಡು.

ಲಾಡ್ಜಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ವಾಪಸ್ಸು ಬರುವಾಗ ಅವರ ಪಕ್ಕದಲ್ಲಿ ಕೂತೆ. ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಮೆಮೊಗೆ ಒಂದು ಸಾಲಿನ ಉತ್ತರ ಕೊಟ್ಟ ಹೆಂಗಸು ಎಲ್ಲಿ, ಸತ್ತವನ ಮೇಲೆ ಸುಳ್ಳು ಬರೆದುಕೊಟ್ಟವಳು ಎಲ್ಲಿ. ಇಬ್ಬರನ್ನೂ ಒಂದೇ ಮುಖದಲ್ಲಿ ಕೂರಿಸಲು ನನ್ನಿಂದ ಆಗುತ್ತಿರಲಿಲ್ಲ. ಅವರೇ ಹೇಳಿದರು. ಮೂರನೆಯ ದಿನ ಮಾವನ ಮನೆಗೆ ಪೊಲೀಸರು ಬಂದರಂತೆ. ಅವಸರ ಮಾಡಿ ಎಲ್ಲರನ್ನೂ ತುಂಬಿಸಿದ್ದು ಹೊರಗೆ ಬಂದರೆ ತಾನು ಊರಿನಲ್ಲಿ ತಲೆಯೆತ್ತುವಂತಿಲ್ಲ ಎಂದು ಮಾವ ಅತ್ತರಂತೆ. ಮಗನೂ ಹೋದ, ಮಾನವನ್ನಾದರೂ ಉಳಿಸು ಅಂದರಂತೆ. ಮನೆಯ ಹೆಂಗಸರಲ್ಲಿ ಓದಿದವರು ಇವರೊಬ್ಬರೇ. ಮಾವ ಹೇಳಿದ ಹಾಗೆ ತನ್ನ ಕೈಯಿಂದಲೇ ಬರೆದು ಸಹಿ ಹಾಕಿದರು. ತಿಂಗಳೊಳಗೆ ಅದೇ ಮಾವ, ಇವಳ ಕಾಲ್ಗುಣದಿಂದಲೇ ಮಗ ಹೋದ ಎಂದು ಇವರನ್ನು ತವರಿಗೆ ಕಳಿಸಿದರು. ತವರಿನಲ್ಲಿ ತಂದೆಯಿಲ್ಲ. ಭದ್ರಾವತಿಯ ಸೋದರಮಾವ ಬಂದು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದರು. ಅಲ್ಲಿಂದ ಆಚೆ ಆ ಊರಿನ ಕಡೆ ಮುಖ ಹಾಕಲಿಲ್ಲ.

ಊರಿನವರು ನಿಮ್ಮನ್ನು ಸಾಯಿಸಿಬಿಟ್ಟಿದ್ದಾರಲ್ಲ ಎಂದೆ.

"ಕಥೆಗೆ ನಾನು ಸತ್ತಿದ್ದೇ ಚೆಂದ ಕಂಡಿರಬೇಕು."

ಐವತ್ತೈದು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ನನ್ನ ದನಿ ಗಡುಸಾಗಿತ್ತು. ಮಾವನ ಭಯ, ಹೆಣ್ಣುಮಗಳ ಅಸಹಾಯಕತೆ, ಹತ್ತೊಂಬತ್ತರ ವಯಸ್ಸು, ಹೀಗೆ ಏನಾದರೂ ಹೇಳಲಿ, ನನಗೆ ಒಪ್ಪಿಕೊಳ್ಳಲು ಸುಲಭವಾಗಲಿ ಎಂದು ಕಾಯುತ್ತಿದ್ದೆ.

"ಧೈರ್ಯ ಇರಲಿಲ್ಲ ಮಾರಾಯ್ತಿ. ನೀನು ಬೇರೆ ಕಾರಣ ಹುಡುಕಬೇಡ" ಅಂದರು.

ಎರಡು ವಾರ ನಾನು ಅವರಿಗೆ ಫೋನ್ ಮಾಡಲಿಲ್ಲ. ಅವರೇ ಒಂದು ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ, ನಮ್ಮ ಮನೆಗೆ ಬಂದರು. ಕೈಯಲ್ಲಿ ಆರು ಹಾಳೆ, ದುಂಡಗಿನ ಅಕ್ಷರ. ನಡೆದದ್ದೆಲ್ಲವನ್ನೂ ಬರೆದಿದ್ದರು. ಕೊನೆಯಲ್ಲಿ, ಹಿಂದೆ ನಾನು ಕೊಟ್ಟ ಹೇಳಿಕೆ ಸುಳ್ಳು, ತಿಳಿದೂ ತಿಳಿದು ಕೊಟ್ಟದ್ದು ಎಂದಿತ್ತು. ಕೋರ್ಟಿನ ಹತ್ತಿರ ಒಬ್ಬ ನೋಟರಿಯ ಬಳಿ ಕರೆದುಕೊಂಡು ಹೋದೆ. ಅವರು ಕನ್ನಡಕ ಮೇಲೆತ್ತಿ, ಇದು ಯಾರ ಮೇಲಿನ ದೂರು, ಯಾವ ಕೇಸಿಗೆ, ಇಷ್ಟು ವರ್ಷದ ಮೇಲೆ ಇದರಿಂದ ಏನು ಪ್ರಯೋಜನ ಎಂದೆಲ್ಲ ಕೇಳಿದರು. ದೂರು ನನ್ನ ಮೇಲೆಯೇ, ನೀವು ಸೀಲ್ ಹಾಕಿ ಸಾಕು ಅಂದರು ಅಕ್ಕ. ನೋಟರಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಆಗ ನನ್ನ ಸಿಟ್ಟು ಅರ್ಧ ಇಳಿಯಿತು ಎಂದು ಕಾಣುತ್ತದೆ. ಪೂರ್ತಿ ಇಳಿಯಿತೆಂದು ಹೇಳಲಾರೆ.

ಮುಂದಿನ ವಾರ ಇಬ್ಬರೂ ಬಸ್ಸಿನಲ್ಲಿ ಮತ್ತೆ ಘಾಟಿ ಇಳಿದೆವು. ಗೈಡು ದಾರಿ ತೋರಿಸಿದ. ಮೀನು ಒಣಗಿಸುವ ಅಂಗಳದ ಹಿಂದೆ ಹೆಂಚಿನ ಸಣ್ಣ ಮನೆ. ಬೋಟು ನಡೆಸುವ ಮಗ ಬಾಗಿಲಲ್ಲಿದ್ದ, ಬನ್ನಿ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಳಗೆ ಚಾಪೆಯ ಮೇಲೆ ಅವನ ತಾಯಿ, ಸೋಮಯ್ಯನ ಹೆಂಡತಿ, ಗೋಡೆಗೆ ಒರಗಿ ಕೂತಿದ್ದರು. ಆಕೆ ಇನ್ನೂ ಬದುಕಿದ್ದಾರೆಂದು ನಮಗೆ ಗೊತ್ತೇ ಇರಲಿಲ್ಲ. ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟರು. ನಾನು ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಬೇಕಾಯಿತು.

ಆ ಸಹಿಯಿಂದ ಆ ಮನೆಯವರಿಗೆ ಏನಾಯಿತು ಎಂದು ಅವತ್ತು ತಿಳಿಯಿತು. ದೋಣಿ ದಾಟಿಸುವ ಕಡವು ಅವರ ಕೈ ತಪ್ಪಿತು. ಹತ್ತು ಜನರನ್ನು ಕೊಂದ ಕುಡುಕನ ಹೆಂಡತಿ ಎಂದು ಆಕೆಯನ್ನು ಬಾವಿಯ ಹತ್ತಿರ ಬಿಡಲಿಲ್ಲ. ಮಗ ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟ. ಇದನ್ನೆಲ್ಲ ಆಕೆ ದೂರುವ ದನಿಯಲ್ಲಿ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದರು ಅಷ್ಟೆ. ಓದಲು ಬರುವುದಿಲ್ಲ, ನೀನೇ ಓದು ಅಂದರು. ಅಕ್ಕ ಆರು ಹಾಳೆ ಓದಿದರು. ಮುದುಕಿ ಇನ್ನೊಂದು ಸಲ ಓದು ಅಂದರು. ಓದಿದರು. ಮೂರನೆಯ ಸಲ, ದೋಣಿಯವ ಬೇಡ ಬೇಡ ಅಂದದ್ದನ್ನು ಮಾತ್ರ ಓದು ಅಂದರು. ಅದನ್ನೂ ಓದಿದರು. ಮಗ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

ಮುದುಕಿ ಅಕ್ಕನನ್ನು ನೋಡುತ್ತ ಹೇಳಿದರು: "ಕುಡೀತಿದ್ದ, ಸುಳ್ಳಲ್ಲ. ಆ ದಿನ ಕುಡಿದಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದವಳು ನಾನೊಬ್ಬಳೇ ಅಂದ್ಕೊಂಡಿದ್ದೆ."

ಅಕ್ಕ ಆಕೆಯ ಕಾಲು ಮುಟ್ಟಲು ಬಗ್ಗಿದರು. ಆಕೆ ಕಾಲನ್ನು ಒಳಗೆಳೆದುಕೊಂಡರು. ಹಾಳೆಗಳನ್ನು ಮಾತ್ರ ತೆಗೆದುಕೊಂಡು ಮಡಚಿ ಚಾಪೆಯ ಅಡಿಗೆ ಇಟ್ಟರು. ಆ ಮನೆಯಲ್ಲಿ ನಮಗೆ ಒಂದು ಲೋಟ ನೀರು ಕೊಡಲಿಲ್ಲ. ನಾವು ಹೊರಟಾಗ ಮುದುಕಿ ಒಳಗಿನಿಂದಲೇ, ಬಸ್ಸಿಗೆ ಆ ಕಡೆ ಸುತ್ತಿಕೊಂಡು ಹೋಗಬೇಡಿ, ಗದ್ದೆಯ ಬದಿಯಲ್ಲಿ ಹೋದರೆ ಹತ್ತಿರ ಅಂದರು. ಅಕ್ಕ ಬಸ್ಸಿನಲ್ಲಿ ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಕ್ಷಮಿಸಲಿಲ್ಲ ಎಂದು ಅಳುತ್ತಿದ್ದೀರಾ ಎಂದು ಕೇಳಿದೆ. ಅಲ್ಲ, ಆಕೆಗೂ ಒಬ್ಬಳಿಗೇ ಗೊತ್ತಿತ್ತಂತಲ್ಲ, ಅಷ್ಟು ವರ್ಷ ಎಂದರು.

ಆಮೇಲೆ ಕಾಯಿಲೆ ಬಂತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುತ್ತಿದ್ದರು. ಆಸ್ಪತ್ರೆಯಲ್ಲೂ ನರ್ಸು ಹೆಸರು ತಪ್ಪಾಗಿ ಕರೆದರೆ ಏಳುತ್ತಿರಲಿಲ್ಲ. ಪಕ್ಕದ ಹಾಸಿಗೆಯ ಸೋಗಾನೆಯ ಹೆಂಗಸಿಗೆ ತಮಿಳು ಕಲಿಸಲು ಶುರು ಮಾಡಿದ್ದರು, ಹೊತ್ತು ಹೋಗಬೇಕಲ್ಲ ಎಂದು. ಅವರ ಜೊತೆ ನಾನು ಮೊದಲಿಗಿಂತ ಹೆಚ್ಚು ಕೂತಿದ್ದು ಆ ಎರಡು ವರ್ಷವೇ. ನನ್ನ ಮುಂದೆ ಆ ದಡದ ಕನ್ನಡವನ್ನು ಆಡಲು ಅವರು ಆಮೇಲೆ ಹಿಂಜರಿಯಲಿಲ್ಲ. ನನಗದು ಪೂರ್ತಿ ತಿಳಿಯುತ್ತಿರಲಿಲ್ಲ, ಆದರೂ ನಿಲ್ಲಿಸಿ ಅನ್ನಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮನೆಯಲ್ಲೇ, ಕಾಫಿ ಕುಡಿದು ಮಲಗಿದ್ದಲ್ಲೇ ಹೋದರು. ಸೋದರಮಾವನ ಮೊಮ್ಮಗ ಭದ್ರೆಯ ದಂಡೆಯಲ್ಲಿ ಬೆಂಕಿ ಕೊಟ್ಟ.

ಆ ಬೋಟಿನ ಮನುಷ್ಯನಿಗೆ ಸುದ್ದಿ ತಿಳಿಸಬೇಕು ಅನ್ನಿಸಿತು. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ಹೋದ ವಾರ ನಾನೊಬ್ಬಳೇ ಹೋದೆ. ನಾನು ತಲುಪುವಾಗ ಬೋಟು ಹೊರಡುತ್ತಿತ್ತು, ಮಾತಿಗೆ ಸಮಯವಿರಲಿಲ್ಲ. ಟಿಕೆಟ್ ತೆಗೆದುಕೊಂಡು ಹತ್ತಿದೆ. ಅದೇ ಗೈಡು. ಸೇತುವೆ ದಾಟಿದ ಮೇಲೆ ಹಾಡು ನಿಲ್ಲಿಸಿದ. ಈಗ ಬಳೆಯ ಸದ್ದಿರಲಿಲ್ಲ. ಇಲ್ಲಿ ಸೋಮಯ್ಯ ಅನ್ನುವವರ ದೋಣಿ ಮಗುಚಿತು, ಬೇಡ ಅಂದರೂ ಜನ ಕೇಳಲಿಲ್ಲ, ಇಬ್ಬರನ್ನು ಉಳಿಸಿ ಮೂರನೆಯವರಿಗೆಂದು ಹೋಗಿ ಅವರೂ ತೀರಿಕೊಂಡರು ಎಂದ. ಸತ್ತ ಮೇಲೆ ಅವರ ಮೇಲೆ ಕುಡಿತದ ಆರೋಪ ಬಂತು, ಆ ಆರೋಪ ಬರೆದುಕೊಟ್ಟ ಮದುಮಗಳೇ ಬಂದು ಅದು ಸುಳ್ಳು ಎಂದು ಇದೇ ಬೋಟಿನಲ್ಲಿ ನಿಂತು ಹೇಳಿದರು, ಅವತ್ತು ನಾನೂ ಇದ್ದೆ ಎಂದ. "ಆ ಮದುಮಗಳು ಚೆನ್ನಾಗಿದ್ದಾರೆ, ಭದ್ರಾವತಿಯಲ್ಲಿದ್ದಾರೆ" ಅಂದ. ಜನ ಚಪ್ಪಾಳೆ ತಟ್ಟಿದರು. ನಾನು ಮಡಿಲಲ್ಲಿದ್ದ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಎಲ್ಲರೂ ಇಳಿದ ಮೇಲೆ ಹಿಂದೆ ಹೋಗಿ ಎಂಜಿನ್ನಿನ ಹತ್ತಿರ ನಿಂತೆ. ಆತ ನನ್ನನ್ನು ಗುರುತು ಹಿಡಿದ. ಅಕ್ಕ ಮನೆಯಲ್ಲೇ, ಮಲಗಿದ್ದಲ್ಲೇ ಹೋದರು ಎಂದು ಹೇಳಿದೆ. ಎಣ್ಣೆಯ ಬಟ್ಟೆಯಿಂದ ಕೈ ಒರೆಸುತ್ತಿದ್ದವನು ಒರೆಸುತ್ತಲೇ ಇದ್ದ. ಯಾರಿದ್ದರು ಹತ್ತಿರ ಎಂದು ಕೇಳಿದ. ಹೆಚ್ಚು ನರಳಿದರಾ ಎಂದು ಕೇಳಿದ. ಇಲ್ಲ ಅಂದೆ. ಗೈಡು ಅಷ್ಟರಲ್ಲಿ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖ ಸಣ್ಣಗಾಗಿತ್ತು. ಅಣ್ಣ, ನಾಳೆಯಿಂದ ಏನು ಹೇಳಲಿ, ಇದ್ದಾರೆ ಅಂತಲೇ ಹೇಳಿಬಿಡಲಾ ಎಂದು ಆತನನ್ನು ಕೇಳಿದ.

"ಬೇಡ. ತೀರಿಕೊಂಡ್ರು ಅಂತಲೇ ಹೇಳು. ಅವರ ಮನೆಯಲ್ಲಿ, ಹಾಸಿಗೆ ಮೇಲೆ. ನೀರಲ್ಲಿ ಅಲ್ಲ ಅಂತ ಸರಿಯಾಗಿ ಹೇಳು."

ಗೈಡು ಜೇಬಿನಿಂದ ಪೆನ್ನು ತೆಗೆದು, ಟಿಕೆಟ್ ಪುಸ್ತಕದ ಹಿಂಬದಿಯಲ್ಲಿ ಅದನ್ನು ಬರೆದುಕೊಂಡ. ತಲೆಯೆತ್ತಿ ಅವರಿಗೆ ಎಷ್ಟಾಗಿತ್ತು ಎಂದು ನನ್ನನ್ನು ಕೇಳಿದ.

ಎಪ್ಪತ್ತೇಳು ಎಂದೆ. ಅದನ್ನೂ ಬರೆದುಕೊಂಡ.